ಪರದೇಶದಲ್ಲಿ ಒಲೆ ಹೂಡಿದವರು

ಸೋದರಿಯರೇ, ನಿಮ್ಮ ಮನೆಯಲ್ಲೂ ಯಾರಾದರೊಬ್ಬರು ಹೊರದೇಶದಲ್ಲಿ ಇದ್ದೇ ಇರುತ್ತಾರೆ. ಮಗಳೋ, ಸೊಸೆಯೋ, ಇಲ್ಲ ಅಕ್ಕನ ಮಗನೋ. ಈಗ ಅದೇನು ಹೆಚ್ಚುಗಾರಿಕೆಯ ಮಾತಲ್ಲ ಬಿಡಿ. ಸಾರಿಗೆ ಒಗ್ಗರಣೆ ಹಾಕುತ್ತಲೇ ಫೋನಿನಲ್ಲಿ ಅವರ ಮುಖ ನೋಡಿ ಮಾತಾಡಿಬಿಡುತ್ತೇವೆ. ನನ್ನ ಮಗಳು ಇರುವುದು ಹಾಲೆಂಡಿನ ಐಂಡ್‌ಹೋವೆನ್ ಎಂಬ ಊರಿನಲ್ಲಿ. ನಾನಿರುವುದು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ.

ಹೋದ ತಿಂಗಳು ಅವಳ ಫೋನು ಬಂತು. ಸಿಹಿ ಸುದ್ದಿ. ಹಿಂದೆಯೇ ಇನ್ನೊಂದು ಮಾತು: "ಅಮ್ಮಾ, ಬಾಣಂತನಕ್ಕೆ ನಾನು ಅಲ್ಲಿಗೆ ಬರೋಕ್ಕಾಗಲ್ಲ. ನೀನೇ ಬರಬೇಕು."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ತಿರುಪತಿ, ಧರ್ಮಸ್ಥಳ, ಬೆಂಗಳೂರಿನ ನಾದಿನಿ ಮನೆ, ಇಷ್ಟೇ ನನ್ನ ಪ್ರಪಂಚ. ನಾನು ಅಲ್ಲಿಗೆ ಹೋಗಿ ಏನು ಮಾಡಲಿ? ಭಾಷೆ ಬರದು, ಬಿಸಿಲು ಕಾಣದು, ಪಕ್ಕದ ಮನೆಗೆ ಹೋಗಿ ಒಂದು ಹಿಡಿ ಕರಿಬೇವು ಕೇಳುವ ಹಾಗಿಲ್ಲ.

"ಪಕ್ಕದ ಮನೆಯವರು ಒಳ್ಳೆಯವರು ಅಮ್ಮಾ" ಅಂದಳು ಮಗಳು. "ಆಕೆ ಅಮೆರಿಕದವಳು. ಬಂದು ಆರು ವರ್ಷ ಆಯ್ತು. ಅವಳಿಗೂ ಇಲ್ಲಿ ಪರದೇಶವೇ ತಾನೆ?"

ನನಗೆ ನಗು ಬಂತು. ಅಮೆರಿಕದವರಿಗೂ ಪರದೇಶ ಅಂತ ಒಂದು ಇರುತ್ತದೆಯೇ? ನಮ್ಮ ಮಕ್ಕಳೆಲ್ಲ ಅಲ್ಲಿಗೆ ಹೋಗಲು ಹಾತೊರೆಯುವಾಗ, ಅಲ್ಲಿಯವರು ಬೇರೆ ಕಡೆ ಹೋಗಿ ಬೇಜಾರು ಮಾಡಿಕೊಳ್ಳುತ್ತಾರೆ ಅಂದರೆ! ಆದರೆ ಮಗಳು ಹೇಳಿದ್ದು ಕೇಳಿದ ಮೇಲೆ ನಗು ನಿಂತಿತು. ನವೆಂಬರಿನಲ್ಲಿ ಅವರದೊಂದು ದೊಡ್ಡ ಹಬ್ಬವಂತೆ. ಇಡೀ ಟರ್ಕಿ ಕೋಳಿಯನ್ನು ಓವನ್ನಿನಲ್ಲಿ ಬೇಯಿಸಲೇಬೇಕು. ಆ ದೇಶದ ಮನೆಗಳ ಓವನ್ ಅವರ ಊರಿನದಕ್ಕಿಂತ ಚಿಕ್ಕದು. ಮೊದಲ ವರ್ಷ ಕೋಳಿ ಹಿಡಿಸಲಿಲ್ಲ, ಬಾಗಿಲು ಮುಚ್ಚಲಿಲ್ಲ. ಕೊನೆಗೆ ಕತ್ತರಿಸಿ ಬೇಯಿಸುವಾಗ ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟಳಂತೆ. ನನ್ನ ಮಗಳು ಕೂಡ ಅವರೆಕಾಯಿ ಕಾಲದಲ್ಲಿ, ಅಂಗಡಿಯಲ್ಲಿ ಅವರೆ ಸಿಗದೆ ಬಟಾಣಿ ತಂದು ಹಿತಕಿ ಹಿತಕಿ ಅತ್ತದ್ದನ್ನು ನನ್ನಿಂದ ಮುಚ್ಚಿಟ್ಟಿದ್ದಳು. ಅವತ್ತು ಅದೂ ಹೊರಗೆ ಬಂತು.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ಅವರು ಬೆಮಲ್ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಕೆಜಿಎಫ್‌ನ ಗಲ್ಲಿ ಗಲ್ಲಿ ಗೊತ್ತು. "ಪರದೇಶದಲ್ಲಿ ಸಂಸಾರ ಹೂಡಿದವರನ್ನು ನೋಡೋಕೆ ಹಾಲೆಂಡಿಗೇ ಯಾಕೆ ಹೋಗ್ಬೇಕು? ನಮ್ಮ ಪಕ್ಕದಲ್ಲೇ ಇದ್ದರಲ್ಲ ಎಪ್ಪತ್ತು ಎಂಬತ್ತು ವರ್ಷ. ನಿಮ್ಮಜ್ಜಿ ಕೆಲಸ ಮಾಡಿದ್ದು ಎಲ್ಲಿ?" ಅಂದರು.

ಹೌದಲ್ಲ! ಮರುದಿನವೇ ಹೊರಟೆವು.

ಹೊರಡುವ ಮೊದಲು ನಮ್ಮೂರಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಊರಿನವರು ನನ್ನನ್ನು ಬಿಡುವುದಿಲ್ಲ. ಬೂದಿಕೋಟೆ ಅಂದರೆ ಹೈದರ್ ಅಲಿ ಹುಟ್ಟಿದ ಊರು, 1720ರ ಆಸುಪಾಸಿನಲ್ಲಿ. ಹಿಂದೆ ಇಲ್ಲಿ ನಡೆದ ಯಜ್ಞಗಳ ವಿಭೂತಿಯಿಂದ ಈ ಹೆಸರು ಬಂತು ಎನ್ನುತ್ತಾರೆ. ಬಂಡೆಗುಡ್ಡದ ಮೇಲೆ ಕೋಟೆಯ ಗೋಡೆಗಳು ಇನ್ನೂ ನಿಂತಿವೆ. ಹತ್ತಿರದಲ್ಲೇ ಮಾರ್ಕಂಡೇಯ ಜಲಾಶಯ. ಮಳೆ ಚೆನ್ನಾಗಿ ಆದ ವರ್ಷ ನೋಡಲು ಎರಡು ಕಣ್ಣು ಸಾಲದು. 2003ರಲ್ಲಿ ನಮ್ಮೂರಿನಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿ ಶುರುವಾಯಿತು. ಗಾಳಿಯಲ್ಲಿ ಪ್ರಸಾರ ಮಾಡಲು ಆಗಿನ್ನೂ ಇಂಥವರಿಗೆ ಪರವಾನಗಿ ಕೊಡುತ್ತಿರಲಿಲ್ಲ. ಅದಕ್ಕೆ ಕೇಬಲ್ ತಂತಿಯಲ್ಲಿ ಮನೆಮನೆಗೆ ಧ್ವನಿ ಕಳಿಸಿದರು. ಸ್ವಸಹಾಯ ಸಂಘದ ಹೆಂಗಸರು ಮೈಕಿನ ಮುಂದೆ ಕೂತು ಆರೋಗ್ಯ, ಅಡುಗೆ, ಬೇಸಾಯ ಎಲ್ಲ ಮಾತಾಡಿದರು. ದೂರದ ಊರುಗಳಿಂದ ಜನ ಬಂದು ನೋಡಿಕೊಂಡು ಹೋದರು.

ಹೈದರನ ತಂದೆ ಫತೇ ಮಹಮ್ಮದ್ ಈ ಊರಿನವರೇನಲ್ಲ. ಸಿರಾದ ನವಾಬರ ಕೈಕೆಳಗೆ ಅಧಿಕಾರಿಯಾಗಿ ಬೂದಿಕೋಟೆಗೆ ಬಂದವರು. ಯುದ್ಧದಲ್ಲಿ ತೀರಿಕೊಂಡಾಗ ಮಗ ಇನ್ನೂ ಚಿಕ್ಕ ಹುಡುಗ. ಅವರ ಗೋರಿ ಕೋಲಾರದ ಮಕ್ಬರಾದಲ್ಲಿದೆ. ನಮ್ಮೂರಿಗೆ ಹೆಸರು ತಂದವನು ನೌಕರಿಗೆ ಬಂದವರ ಮಗ ಅನ್ನುವುದು, ಇಷ್ಟು ವರ್ಷ ಇಲ್ಲಿದ್ದೂ ನನಗೆ ಅವತ್ತೇ ಹೊಳೆದದ್ದು.

ಬೂದಿಕೋಟೆಯಿಂದ ಬಸ್ಸು ಹತ್ತಿ ಬಂಗಾರಪೇಟೆಯಲ್ಲಿ ಇಳಿದೆವು. ಈ ಊರಿನ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ದೊರೆಯ ಹೆಸರು ಅದು. ನಮ್ಮಜ್ಜಿ ಕೊನೆವರೆಗೂ 'ಬೌರಂಪೇಟೆ' ಅಂತಲೇ ಅನ್ನುತ್ತಿದ್ದಳು. ಈಗ ಬಂಗಾರಪೇಟೆ ಅಂದರೆ ಜನರಿಗೆ ನೆನಪಾಗುವುದು ಪಾನಿಪುರಿ. ಇಲ್ಲಿಯ ಪಾನಿ ಬೇರೆ ಕಡೆಯ ಹಾಗೆ ಹಸಿರಾಗಿ ಇರುವುದಿಲ್ಲ. ಬಾವಿ ನೀರಿನಷ್ಟು ತಿಳಿ! ಬಾಯಿಗಿಟ್ಟರೆ ಮಾತ್ರ ಮೂಗಿನಲ್ಲಿ ನೀರು. ಅದು ಹೇಗೆ ಮಾಡುತ್ತೀರಿ ಅಂತ ನಾನು ಎಷ್ಟು ಸಲ ಕೇಳಿದ್ದೇನೋ, ಅಂಗಡಿಯವರು ನಕ್ಕು ಇನ್ನೊಂದು ಪುರಿ ಕೊಡುತ್ತಾರೆಯೇ ಹೊರತು ಗುಟ್ಟು ಬಿಡುವುದಿಲ್ಲ.

ಇಲ್ಲಿಂದ ಗಣಿಗೆ ಬೇರೆಯೇ ಒಂದು ರೈಲು ದಾರಿ. 1890ರ ದಶಕದಲ್ಲಿ ಹಾಕಿದ್ದು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಗಣಿ ಮುಚ್ಚಿದ ಮೇಲೆ ಇಲ್ಲಿಯ ಗಂಡಸರು ಹೆಂಗಸರು ಸಾವಿರಗಟ್ಟಲೆ ದಿನಾ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ವಾಪಸ್ಸು ಬರುತ್ತಾರೆ. ನಾವು ಹೋದದ್ದು ಎದುರು ದಿಕ್ಕಿಗೆ, ಹತ್ತು ಗಂಟೆ ಮೇಲೆ. ಬೋಗಿಯಲ್ಲಿ ನಾವಿಬ್ಬರು, ಒಬ್ಬ ಕಡಲೆಕಾಯಿ ಮಾರುವವನು, ಅಷ್ಟೇ.

ಕೆಜಿಎಫ್‌ಗೆ ಹೋಗದವರಿಗೆ ಮೊದಲು ಕಣ್ಣಿಗೆ ಬೀಳುವುದು ಸೈನೈಡ್ ಗುಡ್ಡಗಳು. ಗುಡ್ಡ ಅಂದರೆ ದೇವರು ಮಾಡಿದ್ದಲ್ಲ. ಭೂಮಿಯ ಒಳಗಿಂದ ಕಲ್ಲು ತೆಗೆದು ಪುಡಿ ಮಾಡಿ, ಸೈನೈಡಿನಿಂದ ಚಿನ್ನ ಸೆಳೆದುಕೊಂಡ ಮೇಲೆ ಉಳಿದ ಹಿಟ್ಟಿನಂಥ ಮಣ್ಣನ್ನು ನೂರು ವರ್ಷ ಸುರಿದು ಸುರಿದು ಆದ ಗುಡ್ಡ. ರಾಗಿ ಬೀಸಿದ ಹಿಟ್ಟನ್ನು ರಾಶಿ ಹಾಕಿದ ಹಾಗೆ ಕಾಣುತ್ತದೆ. ಗಾಳಿ ಬಂದರೆ ಹಾರಿ ಮನೆಗಳ ಮೇಲೆ ಬೀಳುತ್ತದೆ. ಬೆಳಗ್ಗೆ ಒಗೆದು ಹಾಕಿದ ಬಟ್ಟೆಯನ್ನು ಸಂಜೆ ಕೊಡವಿ ಮತ್ತೆ ಒಗೆಯಬೇಕು ಎಂದಳು ದಾರಿಯಲ್ಲಿ ಮಾತಿಗೆ ಸಿಕ್ಕ ಒಬ್ಬಾಕೆ.

ಇಲ್ಲಿ ಚಿನ್ನ ತೆಗೆಯಲು ಹೊಸಕಾಲದಲ್ಲಿ ಮೊದಲು ಮನಸ್ಸು ಮಾಡಿದವನು ಲ್ಯಾವೆಲ್ ಎಂಬ ಐರಿಷ್ ಸಿಪಾಯಿ. ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬೆಂಗಳೂರಿಗೆ ಬಂದು ನೆಲೆಸಿದವನು. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದೇ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂದಮೇಲೆ ಕೆಲಸ ಭರ್ಜರಿಯಾಯಿತು. ಗಣಿ ಇಳಿಯಲು ಅವರು ತಮ್ಮ ದೇಶದ ಕಾರ್ನ್‌ವಾಲ್ ಸೀಮೆಯವರನ್ನು ಕರೆತಂದರು. ಅಲ್ಲಿಯ ತವರದ ಗಣಿಗಳು ಆಗ ಸೋತಿದ್ದವು. ಹೊಟ್ಟೆಪಾಡಿಗೆ ಆ ಜನ ಪ್ರಪಂಚದ ಮೂಲೆಮೂಲೆಗೆ ಹೋದರು. ದೊರೆ ದೊರೆ ಅಂತ ನಾವು ಕರೆದದ್ದೂ ಹೊಟ್ಟೆಪಾಡಿಗೆ ಬಂದವರನ್ನೇ ನೋಡಿ! ಆದರೆ ಇಲ್ಲಿ ಇಳಿದ ಕೂಡಲೇ ಅವರಿಗೆ ಬಂಗಲೆ, ಬಟ್ಲರು, ಕ್ಲಬ್ಬು, ಗಾಲ್ಫ್ ಆಟದ ಮೈದಾನ. 'ಪುಟ್ಟ ಇಂಗ್ಲೆಂಡ್' ಅಂತಲೇ ಕೆಜಿಎಫ್‌ಗೆ ಹೆಸರು ಬಂತು. ಬೇತಮಂಗಲದ ಕೆರೆಯಿಂದ ಕೊಳವೆಯಲ್ಲಿ ನೀರು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿಗೆ ದೀಪ ಬಂದದ್ದೇ 1905ರಲ್ಲಿ, ಅದಕ್ಕೂ ಮೂರು ವರ್ಷ ಮೊದಲೇ ಇಲ್ಲಿ! ಆ ಯಂತ್ರಗಳನ್ನು ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಅಂತ ಯಜಮಾನರು ಹೇಳಿದರು. ಅವರಿಗೆ ಯಂತ್ರದ ಮಾತು ಬಂದರೆ ನಿಲ್ಲುವುದಿಲ್ಲ. ನಾನೇ ಮುಂದೆ ನಡೆದೆ.

ನನಗೆ ಬೇಕಾಗಿದ್ದುದು ಊರಿಗಾಂ ಕಡೆಯ ಬಂಗಲೆ. ನಮ್ಮ ಅಮ್ಮನ ತಾಯಿ 1930ರ ದಶಕದಲ್ಲಿ ಅಂಥ ಒಂದು ಬಂಗಲೆಯಲ್ಲಿ ಆಯಾ ಆಗಿದ್ದಳು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು, ಕೂಸನ್ನು ಬೂದಿಕೋಟೆಯಲ್ಲಿ ತಾಯಿಯ ಹತ್ತಿರ ಬಿಟ್ಟು ಹೋದವಳು. ಯಾವ ಬಂಗಲೆ ಅಂತ ಹುಡುಕಲು ಆಗಲಿಲ್ಲ. ಎಷ್ಟೋ ಬಿದ್ದುಹೋಗಿವೆ. ಕೆಲವುಗಳ ಸೂರಿನ ಮೇಲೆ ಆಲದ ಗಿಡ ಎದ್ದಿದೆ. ಒಂದು ಕಡೆ ಕಾವಲಿನ ಮುದುಕರು, "ಒಳಗೆ ಬನ್ನಿ ಅಮ್ಮ, ನೆಲ ನೋಡಿಕೊಂಡು ಕಾಲಿಡಿ" ಅಂತ ತಮಿಳು ಕಲೆತ ಕನ್ನಡದಲ್ಲಿ ಕರೆದರು.

ಎತ್ತರದ ಚಾವಣಿ, ದಪ್ಪ ಗೋಡೆ, ಸುತ್ತ ಜಗಲಿ. ಕೋಣೆಯಲ್ಲಿ ಬೆಂಕಿಗೂಡು, ಅದಕ್ಕೊಂದು ಹೊಗೆಗೊಳವೆ. ಹೆಂಗಸಾದವಳ ಕಣ್ಣು ಸುಮ್ಮನಿರುತ್ತದೆಯೇ? ಅಡುಗೆಮನೆ ಎಲ್ಲಿ ಅಂತ ಕೇಳಿದೆ. ಅಡುಗೆಮನೆ ಮನೆಯೊಳಗೆ ಇಲ್ಲ! ಹಿಂದೆ ಹಿತ್ತಲಿನಲ್ಲಿ, ಇಪ್ಪತ್ತು ಹೆಜ್ಜೆ ಆಚೆ, ಬೇರೆಯೇ ಒಂದು ಕಟ್ಟಡ. ಹೊಗೆ, ಮಸಾಲೆಯ ಘಾಟು ಮನೆಗೆ ಬರಬಾರದು ಅಂತ. ಅಜ್ಜಿ ಹೇಳುತ್ತಿದ್ದುದು ಆಗ ಅರ್ಥವಾಯಿತು: "ದೊರೆಸಾನಿ ದಿನಕ್ಕೆ ಒಂದು ಸಲ ಉಗ್ರಾಣದ ಬೀಗ ತೆಗೀತಾಳೆ. ಅಳೆದು ಸಕ್ಕರೆ, ಅಳೆದು ಹಿಟ್ಟು, ಲೆಕ್ಕದ ಮೊಟ್ಟೆ. ಬೀಗ ಹಾಕ್ತಾಳೆ. ಆಮೇಲೆ ಒಲೆ ಮುಖ ನೋಡೋದಿಲ್ಲ."

ನೀವೇ ಹೇಳಿ, ಒಲೆಯ ಮುಖ ನೋಡದೆ ಹಗಲು ಕಳೆಯುವುದು ಹೇಗೆ? ಹೂವಿನ ತೋಟ, ಹೊಲಿಗೆ, ಕ್ಲಬ್ಬಿನಲ್ಲಿ ಇಸ್ಪೀಟು, ಬೇಸಿಗೆ ಬಂದರೆ ಊಟಿ. ತಿಂಗಳಿಗೆ ಎರಡು ಸಲ ಬರುವ ಕಾಗದಕ್ಕೆ ಕಾಯುವುದು. ಕನ್ನಡವಾಗಲಿ ತಮಿಳಾಗಲಿ ಆಕೆಗೆ ಬಂದದ್ದು ಹತ್ತು ಹನ್ನೆರಡು ಮಾತು, ಎಲ್ಲವೂ ತಾ, ಹೋಗು, ಬೇಗ, ಬಿಸಿನೀರು, ಅಂಥವೇ. ನೆರೆಮನೆಗೆ ಹೋಗಿ ಏನನ್ನೂ ಕೇಳಬೇಕಾದ ಅಗತ್ಯವೇ ಬರಲಿಲ್ಲ. ಕೇಳದಿದ್ದರೆ ಮಾತು ಹೇಗೆ ಬಂದೀತು? ನನ್ನ ಮಗಳ ಪಕ್ಕದ ಮನೆಯಾಕೆಯದು ಬೇರೆ ತೊಂದರೆಯಂತೆ. ಕಷ್ಟಪಟ್ಟು ಡಚ್ ಕಲಿತು ಅಂಗಡಿಯಲ್ಲಿ ಮಾತಾಡಿದರೆ, ಅವರು ಇವಳ ಉಚ್ಚಾರ ಕೇಳಿ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾರೆ. ಆದರೂ ಬಿಡದೆ ಮಾತಾಡುತ್ತಾಳಂತೆ. ಆಕೆಯ ಹಟ ನನಗೆ ಹಿಡಿಸಿತು.

ಆದರೆ ಅಡುಗೆಗೆ ಬೀಗ ಹಾಕಲು ಯಾರಿಂದಲೂ ಆಗಲಿಲ್ಲ ನೋಡಿ. ಹಿತ್ತಲ ಒಲೆಯಿಂದ ಇಪ್ಪತ್ತು ಹೆಜ್ಜೆ ದಾಟಿ ನಮ್ಮ ಸಾರು ದೊರೆಯ ಮೇಜಿಗೆ ಹೋಯಿತು. ಮೆಣಸು ಜೀರಿಗೆ ಬೆಳ್ಳುಳ್ಳಿ ಕುಟ್ಟಿ ಹುಣಿಸೆ ನೀರಿಗೆ ಹಾಕಿ ಕುದಿಸುತ್ತೇವಲ್ಲ, ಅದಕ್ಕೆ 'ಪೆಪ್ಪರ್ ವಾಟರ್' ಅಂತ ಹೆಸರಿಟ್ಟರು. ತೆಂಗಿನಹಾಲಿನಲ್ಲಿ ಅರಿಶಿನ ಹಾಕಿದ ಹಳದಿ ಅನ್ನ, ಜೊತೆಗೆ ಕೈಮಾ ಉಂಡೆಯ ಬಾಲ್ ಕರಿ, ಇದು ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆಗಳ ಭಾನುವಾರದ ಊಟ. ಅಲ್ಲೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಎಂಬುವರು ಈ ಅಡುಗೆಗಳ ಪುಸ್ತಕಗಳನ್ನೇ ಬರೆದಿದ್ದಾರೆ. ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಎಷ್ಟೋ ಮಂದಿ ಆಮೇಲೆ ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ಹೋದರು. ಅಲ್ಲಿ ಅವರಿಗೆ ಪೆಪ್ಪರ್ ವಾಟರ್ ಇಲ್ಲದೆ ನಾಲಿಗೆ ಸತ್ತಿತೋ ಏನೋ!

ನಮ್ಮಜ್ಜಿ ಬಂಗಲೆಯಿಂದ ಕಲಿತು ತಂದದ್ದು ಕುಲ್‌ಕುಲ್. ಕ್ರಿಸ್‌ಮಸ್ ತಿಂಡಿ, ಆದರೆ ನಮ್ಮ ಮನೆಯಲ್ಲಿ ಗೌರಿಹಬ್ಬಕ್ಕೂ ಮಾಡುತ್ತಿದ್ದರು. ಮೊಟ್ಟೆ ಬೇಡ. ಎರಡು ಲೋಟ ಮೈದಾಹಿಟ್ಟಿಗೆ ಎರಡು ಚಮಚ ಚಿರೋಟಿ ರವೆ, ಅರ್ಧ ಲೋಟ ಸಕ್ಕರೆ ಪುಡಿ, ಚಿಟಿಕೆ ಉಪ್ಪು, ಎರಡು ಚಮಚ ಕಾಯಿಸಿದ ತುಪ್ಪ ಹಾಕಿ, ಗಟ್ಟಿ ತೆಂಗಿನಹಾಲಿನಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ ಅರ್ಧ ಗಂಟೆ ಮುಚ್ಚಿಡಿ. ನೆಲ್ಲಿಕಾಯಿಗಿಂತ ಚಿಕ್ಕ ಉಂಡೆ ಮಾಡಿ, ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಚಪ್ಪಟೆ ಮಾಡಿ ಸುರುಳಿ ಸುತ್ತಿದರೆ ಶಂಖದ ಹಾಗೆ ಗೀರು ಬೀಳುತ್ತದೆ. ಸಣ್ಣ ಉರಿಯಲ್ಲಿ ಕರಿಯಿರಿ. ಬಾಚಣಿಗೆ ಹೊಸದಾಗಿರಲಿ, ಅಡುಗೆಗೆ ಮಾತ್ರ ಇಟ್ಟುಕೊಳ್ಳಿ.

ಬಾಚಣಿಗೆ ಎಂದಾಗೆಲ್ಲ ನನಗೆ ನಮ್ಮಮ್ಮನ ಮಾತು ನೆನಪಾಗುತ್ತದೆ. "ನಿಮ್ಮಜ್ಜಿ ನನ್ನ ತಲೆ ಬಾಚಿದ್ದಕ್ಕಿಂತ ದೊರೆಸಾನಿ ಮಕ್ಕಳ ತಲೆ ಬಾಚಿದ್ದೇ ಹೆಚ್ಚು" ಅನ್ನುತ್ತಿದ್ದಳು. ನಗುತ್ತಾ ಅಂದ ಹಾಗಿರುತ್ತಿತ್ತು, ನಗು ಇರುತ್ತಿರಲಿಲ್ಲ.

ಅಜ್ಜಿ ನನಗೆ ಹೇಳಿದ್ದು ಒಂದೇ ಪ್ರಸಂಗ. ಬಂಗಲೆಯ ಹುಡುಗನಿಗೆ ಏಳು ವರ್ಷ ತುಂಬಿತು. ಏಳು ತುಂಬಿದರೆ ಮಕ್ಕಳನ್ನು ಓದಿಗೆ ಇಂಗ್ಲೆಂಡಿಗೆ ಕಳಿಸುವುದು ಆ ಜನರ ಪದ್ಧತಿ. ಬೊಂಬಾಯಿಯಿಂದ ಹಡಗು, ಎರಡು ಮೂರು ವಾರದ ಪ್ರಯಾಣ. ಮತ್ತೆ ತಾಯಿ ಮಗುವಿನ ಮುಖ ನೋಡುವುದು ಯಾವಾಗಲೋ. ಹುಡುಗ ಹೋದ ದಿನ ದೊರೆಸಾನಿ ಹಿತ್ತಲಿಗೆ ಬಂದಳಂತೆ. ಬೀಗದ ಕೈ ಹಿಡಿದುಕೊಂಡು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಳಂತೆ. ಎಂದೂ ಕೂರದವಳು. ಅಜ್ಜಿ ಏನು ಮಾತಾಡಬೇಕು ತಿಳಿಯದೆ ಒಂದು ಲೋಟ ಬಿಸಿ ಸಾರು ಕೊಟ್ಟಳು. ಕುಡಿದಳು. ಇಬ್ಬರೂ ತುಂಬಾ ಹೊತ್ತು ಕೂತಿದ್ದರು.

ಆ ಶನಿವಾರ ಅಜ್ಜಿ ರಜೆ ಕೇಳಿ ಬೂದಿಕೋಟೆಗೆ ಬಂದಳು. ಆರು ವರ್ಷದ ನಮ್ಮಮ್ಮ ಬಾಗಿಲ ಹಿಂದೆ ಅವಿತುಕೊಂಡಳಂತೆ, ಯಾರೋ ಬಂದಿದ್ದಾರೆ ಅಂತ. ಸೋಮವಾರ ಅಜ್ಜಿ ವಾಪಸ್ಸು ಕೆಲಸಕ್ಕೆ ಹೋದಳು. ಹೋಗದೆ ಏನು ಮಾಡುತ್ತಾಳೆ? ಸಂಬಳ ಬರುತ್ತಿದ್ದುದು ಅಲ್ಲಿಂದ.

ಬೂದಿಕೋಟೆಗೂ ಊರಿಗಾಂಗೂ ಎಷ್ಟು ದೂರ? ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ನಮ್ಮಜ್ಜಿಗೆ ಅದೇ ಪರದೇಶ.

ಬಂಗಲೆಯಿಂದ ಇಳಿದು ಕೂಲಿ ಲೈನುಗಳ ಕಡೆ ಹೋದೆವು. ಬಂಗಲೆಯ ಒಂದು ಕೋಣೆಯಷ್ಟು ಜಾಗದಲ್ಲಿ ಒಂದೊಂದು ಸಂಸಾರ. ಇವರೂ ಪರಸ್ಥಳದವರೇ. ಉತ್ತರ ಆರ್ಕಾಡು, ಸೇಲಂ, ಚಿತ್ತೂರು ಸೀಮೆಗಳಿಂದ ಬರಗಾಲ ತಪ್ಪಿಸಿಕೊಂಡು ಬಂದವರು. ಗಂಡಸರು ಪಾತಾಳಕ್ಕೆ ಇಳಿಯುತ್ತಿದ್ದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ, ಒಳಗೆ ಕುದಿಯುವ ಸೆಕೆ. ಬಂಡೆ ಇದ್ದಕ್ಕಿದ್ದಂತೆ ಒತ್ತಡಕ್ಕೆ ಸಿಡಿಯುತ್ತಿತ್ತು. ಆಗ ಭೂಮಿ ನಡುಗಿ ಮೇಲಿನ ಮನೆಗಳ ಪಾತ್ರೆಗಳು ಅದುರುತ್ತಿದ್ದವು. ಪಾತ್ರೆ ಅದುರಿದರೆ ಹೆಂಗಸರು ಒಲೆ ಬಿಟ್ಟು ಗಣಿಯ ಬಾಯಿಗೆ ಓಡುತ್ತಿದ್ದರು. ಕಲ್ಲಿನ ಧೂಳು ಕುಡಿದು ಎದೆ ರೋಗ ಬಂದು ಹೋದವರು ಬೇರೆ. ಈ ಲೈನುಗಳಲ್ಲಿ ಹೆಂಗಸರು ಒಬ್ಬರಿಗೊಬ್ಬರು ಕೇಳದೆ ಒಂದು ದಿನವೂ ನಡೆಯುತ್ತಿರಲಿಲ್ಲ. ಒಂದು ನಲ್ಲಿ, ಹತ್ತು ಕೊಡ. ತಮಿಳು, ತೆಲುಗು, ಕನ್ನಡ ಎಲ್ಲ ಆ ನಲ್ಲಿಯ ಹತ್ತಿರವೇ ಕಲಸಿ ಒಂದಾಯಿತು. ಇವರು ಊರಿನವರೇ ಆಗಿಹೋದರು.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ದೊರೆಗಳು ಗಂಟುಮೂಟೆ ಕಟ್ಟಿದರು. 1962ರಲ್ಲಿ ಕೇಂದ್ರಕ್ಕೆ ಹೋಯಿತು. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದರು. ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಇಲ್ಲಿಂದ ಹೋಯಿತಂತೆ. ಲೈನಿನ ಬಾಗಿಲಲ್ಲಿ ಕೂತು ಬೀಡಿ ಸುತ್ತುತ್ತಿದ್ದ ಅಜ್ಜಿಯೊಬ್ಬರ ಕಿವಿಯಲ್ಲಿ ಬೇವಿನ ಕಡ್ಡಿ ಇತ್ತು.

ಬರುವಾಗ ಕೋಲಾರದ ಮೇಲೆ ಬಂದೆವು. ಅದಕ್ಕೆ ಕಾರಣ ಇದೆ. ನನ್ನ ಮಗಳು ಹುಟ್ಟಿದ್ದು ಕೋಲಾರದ ಇಟಿಸಿಎಂ ಆಸ್ಪತ್ರೆಯಲ್ಲಿ. ಎಲ್ಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ ಅಂತ ಪೂರ್ತಿ ಹೆಸರು, ನಮಗೆ ಬಾಯಿಗೆ ಬರುವುದಿಲ್ಲ ಅಂತ ಇಟಿಸಿಎಂ. 1876-78ರ ಧಾತು-ಈಶ್ವರ ಬರದಲ್ಲಿ ತಬ್ಬಲಿಯಾದ ಮಕ್ಕಳನ್ನು ಮಿಸ್ ಆನ್‌ಸ್ಟೀ ಎಂಬ ಇಂಗ್ಲಿಷ್ ಹೆಣ್ಣುಮಗಳು ಕೋಲಾರದಲ್ಲಿ ಸಾಕಿದಳು. 1890ರಲ್ಲಿ ಆಕೆ ಅದನ್ನು ಅಮೆರಿಕದ ಮೆಥಡಿಸ್ಟ್ ಮಿಷನ್ನಿಗೆ ವಹಿಸಿಕೊಟ್ಟಳು. ಆ ಮಿಷನ್ನಿನವರು 1910ರಲ್ಲಿ ಹೆಂಗಸರು ಮಕ್ಕಳಿಗಾಗಿ ಈ ಆಸ್ಪತ್ರೆ ಶುರುಮಾಡಿದರು. ಅಮೆರಿಕದಿಂದ ಒಂಟಿಯಾಗಿ ಬಂದ ಹೆಣ್ಣುಮಕ್ಕಳು ಈ ಬಿಸಿಲಿನಲ್ಲಿ ಕೂತು ನಮ್ಮವರ ಹೆರಿಗೆ ಮಾಡಿಸಿದರು. ಹೆರಿಗೆ ಮಾಡಿಸುವವರಿಗೆ ಹತ್ತು ಮಾತು ಸಾಲದು. ಎಲ್ಲಿ ನೋವು, ಎಷ್ಟು ಹೊತ್ತಿನಿಂದ, ಹೆದರಬೇಡ ತಾಯಿ, ಇಷ್ಟನ್ನಾದರೂ ಬಾಣಂತಿಯ ಭಾಷೆಯಲ್ಲೇ ಆಡಬೇಕು. ಆಸ್ಪತ್ರೆಯ ಮುಂದೆ ನಿಂತಾಗ ಯಜಮಾನರು, "ಅಮೆರಿಕದವರು ಕಟ್ಟಿದ ಆಸ್ಪತ್ರೆಯಲ್ಲಿ ಹುಟ್ಟಿದವಳಿಗೆ ಅಮೆರಿಕದವಳು ಪಕ್ಕದ ಮನೆಗೆ ಸಿಕ್ಕಿದಳು ನೋಡು" ಅಂದರು. ನಾನು ಸುಮ್ಮನಿದ್ದೆ. ನನಗೆ ಆ ದಿನದ ಹೆರಿಗೆ ನೋವು ನೆನಪಾಗುತ್ತಿತ್ತು, ಮತ್ತು ಪಕ್ಕದಲ್ಲಿ ನನ್ನಮ್ಮ ಇದ್ದದ್ದು.

ಮನೆಗೆ ಬಂದವಳೇ ಮಗಳಿಗೆ ಫೋನು ಮಾಡಿದೆ. ಬರುತ್ತೇನೆ ಅಂದೆ.

ನಿಮಗೂ ಇಂಥ ಪ್ರಯಾಣ ಬರಬಹುದು, ಅದಕ್ಕೆ ನಾನು ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಯೂರೋಪಿನ ಬಹಳಷ್ಟು ದೇಶಗಳಿಗೆ ನೋಡಿಬರುವ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು. ಆದ್ದರಿಂದ ಹೆರಿಗೆಗೆ ಎಷ್ಟು ದಿನ ಮೊದಲು ಹೋಗಬೇಕು ಅಂತ ಲೆಕ್ಕ ಹಾಕಿ ಟಿಕೆಟ್ ತೆಗೆಯಿರಿ. ತುಪ್ಪ ಒಯ್ಯುವಂತಿಲ್ಲ! ಹಾಲಿನ ಪದಾರ್ಥ, ಮಾಂಸ, ಹೊರದೇಶದಿಂದ ಆ ಕಡೆಗೆ ಬಿಡುವುದಿಲ್ಲ. ತುಪ್ಪವಿಲ್ಲದೆ ಬಾಣಂತನವೇ ಅಂತ ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಅಲ್ಲೇ ಒಳ್ಳೆಯ ಬೆಣ್ಣೆ ಸಿಗುತ್ತದೆ, ಕಾಯಿಸಿದರಾಯಿತು ಅಂದಳು ಮಗಳು. ಅದೂ ಸರಿ, ಹಾಲೆಂಡಿನಲ್ಲಿ ಬೆಣ್ಣೆಗೆ ಬರವೇ? ಸಾಂಬ್ರಾಣಿ ಹೊಗೆಯ ಆಸೆಯನ್ನೂ ಬಿಟ್ಟೆ. ಅಲ್ಲಿ ಮನೆಯ ಪ್ರತಿ ಅಂತಸ್ತಿನಲ್ಲೂ ಹೊಗೆ ಬಂದರೆ ಕೂಗುವ ಗಂಟೆ ಇರಬೇಕು ಅಂತ 2022ರಿಂದ ಕಾನೂನು. ಕೂಸಿಗೆ ಬಜೆ ತೇದು ನೆಕ್ಕಿಸುವುದು ಬೇಡ ಅಂತ ಇಲ್ಲಿಯ ಡಾಕ್ಟರೇ ಹೇಳುತ್ತಾರೆ, ಅದನ್ನು ಪಟ್ಟಿಯಿಂದ ಹೊಡೆದುಹಾಕಿದೆ.

ಇನ್ನೊಂದು ಕೇಳಿ. ಆ ದೇಶದಲ್ಲಿ ಹೆರಿಗೆಯಾದ ಮೇಲೆ ಎಷ್ಟೋ ಮಂದಿಯನ್ನು ಅವತ್ತೇ ಮನೆಗೆ ಕಳಿಸುತ್ತಾರೆ. ಆದರೆ ಬಾಣಂತಿಯನ್ನು ನೋಡಿಕೊಳ್ಳಲು ತರಬೇತಿ ಪಡೆದ ದಾದಿ ಮನೆಗೇ ಬರುತ್ತಾಳೆ, ಸುಮಾರು ಎಂಟು ದಿನ. ಕೂಸಿಗೆ ಸ್ನಾನ, ಹಾಲು ಕುಡಿಸುವುದು ಹೇಳಿಕೊಡುವುದು, ಮನೆಗೆಲಸಕ್ಕೂ ಒಂದು ಕೈ. ಖರ್ಚಿನ ಹೆಚ್ಚು ಭಾಗ ವಿಮೆಯಿಂದ. ಇದಕ್ಕೆ ಅವರ ಮಾತಿನಲ್ಲಿ 'ಕ್ರಾಮ್‌ಜೋರ್ಖ್' ಅಂತ ಹೆಸರು. ಪಕ್ಕದ ಮನೆಯಾಕೆಗೆ ಅಲ್ಲೇ ಮೊದಲ ಮಗು ಆದಾಗ ಈ ದಾದಿ ಬಂದದ್ದನ್ನು ನೋಡಿ ನಂಬಲಿಲ್ಲವಂತೆ. ಅವಳ ದೇಶದಲ್ಲಿ ಇದು ಇಲ್ಲ. ಇಡೀ ದೇಶಕ್ಕೆ ಸಂಬಳ ಸಹಿತ ಹೆರಿಗೆ ರಜೆಯ ಕಾನೂನೂ ಇಲ್ಲ. ಅಷ್ಟು ದೊಡ್ಡ ದೇಶದಲ್ಲಿ! ಎಂಟು ದಿನ ಮುಗಿದು ದಾದಿ ಹೊರಟಾಗ ಅವಳನ್ನು ತಬ್ಬಿಕೊಂಡು ಅತ್ತಳಂತೆ, ಏಕೆಂದರೆ ಅವಳ ತಾಯಿಗೆ ಬರಲು ಆಗಿರಲಿಲ್ಲ.

ಮಗು ನೋಡಲು ಬಂದವರಿಗೆ ಅಲ್ಲಿ ಕೊಡುವ ತಿಂಡಿ ಏನು ಗೊತ್ತೇ? ರಸ್ಕಿನ ಮೇಲೆ ಬೆಣ್ಣೆ ಸವರಿ, ಸಕ್ಕರೆ ಕಟ್ಟಿದ ಸೋಂಪಿನಂಥ ಕಾಳು ಉದುರಿಸಿ ಕೊಡುತ್ತಾರೆ. ಗಂಡಾದರೆ ನೀಲಿ ಬಿಳಿ, ಹೆಣ್ಣಾದರೆ ಗುಲಾಬಿ ಬಿಳಿ. ಆ ಕಾಳು ತಿಂದರೆ ತಾಯಿಗೆ ಹಾಲು ಹೆಚ್ಚುತ್ತದೆ ಅಂತ ಹಿಂದಿನವರ ನಂಬಿಕೆಯಂತೆ. ನಾವು ಸಬ್ಬಸಿಗೆ ಸೊಪ್ಪು ಕೊಡುವುದಿಲ್ಲವೇ? ಇದನ್ನು ಕೇಳಿದ ಮೇಲೆ ನನಗೆ ಅರ್ಧ ಧೈರ್ಯ ಬಂತು.

ಪಕ್ಕದ ಮನೆಯಾಕೆಯನ್ನು ಮೊನ್ನೆ ಫೋನಿನಲ್ಲಿ ನೋಡಿದೆ. ಕೆಂಪು ಕೂದಲು, ದೊಡ್ಡ ನಗು, ಸೊಂಟದ ಮೇಲೆ ಮಗು. ರಜೆ ಸಿಕ್ಕರೆ ರೈಲು ಹತ್ತಿ ಬೆಲ್ಜಿಯಂ, ಜರ್ಮನಿ ಅಂತ ಸುತ್ತಿಬರುತ್ತಾರಂತೆ, ಬೆಳಗ್ಗೆ ಒಂದು ಭಾಷೆ, ಮಧ್ಯಾಹ್ನ ಒಂದು. ಅದರಲ್ಲೇನು ದೊಡ್ಡದು, ನಮ್ಮ ಬೂದಿಕೋಟೆಯಿಂದ ಈ ಕಡೆ ಹೋದರೆ ತಮಿಳು, ಆ ಕಡೆ ಹೋದರೆ ತೆಲುಗು ಅಂತ ಮಗಳ ಕೈಲಿ ಹೇಳಿಸಿದೆ. ತುಂಬಾ ನಕ್ಕಳು. ನನ್ನನ್ನು ಕರೆದುಕೊಂಡು ಹೋಗಿ ಊರು ತೋರಿಸುತ್ತಾಳಂತೆ. ಪ್ರತಿಯಾಗಿ ಏನು ಬೇಕು ಅಂತ ಕೇಳಿದೆ. ಅಡುಗೆ ಕಲಿಸಬೇಕಂತೆ. ಒಂದು ಹೊಸ ಬಾಚಣಿಗೆ ತೆಗೆದಿಡಲು ಹೇಳಿದ್ದೇನೆ.

ಈಗ ಪಾಸ್‌ಪೋರ್ಟ್ ಕೈಗೆ ಬಂದಿದೆ. ಬಂಗಾರಪೇಟೆಯ ಸ್ಟುಡಿಯೋದಲ್ಲಿ ವೀಸಾಕ್ಕೆ ಫೋಟೋ ತೆಗೆಸಿದ್ದೂ ಆಯಿತು. ನಗಬಾರದು ಅಮ್ಮ ಅಂತ ಹುಡುಗ ಮೂರು ಸಲ ಹೇಳಿದ. ಉಳಿದಿರುವುದು ಯಜಮಾನರ ವ್ಯವಸ್ಥೆ. ಮೂರು ತಿಂಗಳು ಹೋಟೆಲಿನಲ್ಲಿ ತಿನ್ನುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಉಪ್ಪುಸಾರು ಒಂದು ಮಟ್ಟಕ್ಕೆ ಬಂದಿದೆ. ನಾಲ್ಕು ದಿನದಿಂದ ಮುದ್ದೆ ತಿರುವುದನ್ನು ಕಲಿಸುತ್ತಿದ್ದೇನೆ. ಇನ್ನೂ ಗಂಟು ಗಂಟು.